ಯಾರೂ ಸಾಯದ ಬೆಳಗಿನ ಕಹಳೆ

ಬೆಟ್ಟದ ಇಳಿಜಾರಿನ ಶಿರೊ ಮೇದದ ಓಣಿಗಳಲ್ಲಿ ಕಹಳೆ ಕೇಳಿಸಿತೆಂದರೆ ಜನ ಮಾಡುತ್ತಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಾರೆ. ಹೋದವರು ಯಾರು, ಯಾವ ಮನೆ, ಮಣ್ಣು ಎಷ್ಟು ಹೊತ್ತಿಗೆ? ಮೂರನ್ನೂ ಕೂಗಿ ಹೇಳುವವನು ಅಂಜುಲೊ. ದಿನವೆಲ್ಲ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಬಿಳಿಯ ನೆಟೆಲ ಶಾಲು ನೇಯುವ ನೇಕಾರ ಅವನು. ಸಾವಾದ ದಿನ ಮಾತ್ರ ಇದ್ದಿರ್ ಸಂಘದ ಕಹಳೆಗಾರ. ಓಣಿಯ ಮನೆಗಳೆಲ್ಲ ತಿಂಗಳಿಗಿಷ್ಟು ಎಂದು ಕಟ್ಟಿ, ಸಾವಿನ ಮನೆಗೆ ಡೇರೆ, ಬೆಂಚು, ದೊಡ್ಡ ಪಾತ್ರೆ, ಊಟ, ಹೊರುವ ಹೆಗಲು ಎಲ್ಲವನ್ನೂ ಒದಗಿಸುವ ಸಂಘ ಅದು. ಅಲ್ಲಿ ಮದುವೆಗೆ ಬಾರದವನನ್ನು ಕ್ಷಮಿಸುತ್ತಾರೆ. ಕಹಳೆ ಕೇಳಿಯೂ ಬಾರದವನಿಗೆ ದಂಡ ಹಾಕುತ್ತಾರೆ.

ತಗಡಿನ ಆ ಉದ್ದನೆಯ ಕಹಳೆಯನ್ನು ಅಂಜುಲೊ ಮಗ್ಗದ ಪಕ್ಕದ ಗೋಡೆಗೆ ಬಟ್ಟೆ ಸುತ್ತಿ ನೇತುಹಾಕುತ್ತಿದ್ದ. ಹೆಂಡತಿ ಅಮರೆಚ್ ಅದನ್ನು ಸವತಿ ಎಂದು ಕರೆಯುತ್ತಿದ್ದಳು. ಅವನು ಓಣಿಯ ಕೆಳತುದಿಯಲ್ಲಿ ಊದಿದರೆ ಎಂತೊತೊ ಗುಡ್ಡದ ನೀಲಗಿರಿ ತೋಪಿನಲ್ಲಿ ಸೌದೆ ಕಟ್ಟುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದ ಕಾಲವೊಂದಿತ್ತು.

ಈಚೆಗೆ ಆ ಸದ್ದು ಅಷ್ಟು ದೂರ ಹೋಗುತ್ತಿರಲಿಲ್ಲ. ಹತ್ತಿಯ ಧೂಳು, ಬೆಟ್ಟದ ಚಳಿ, ನೀಲಗಿರಿ ಸೊಪ್ಪಿನ ಹೊಗೆ ಸೇರಿಕೊಂಡು ಅಂಜುಲೊನಿಗೆ ಉಬ್ಬಸ ಹಿಡಿದಿತ್ತು. ಎದೆಯೊಳಗೆ ಬೆಕ್ಕಿನ ಮರಿ ಕೂತಂತೆ ಸುಯ್ ಸುಯ್ ಎನ್ನುತ್ತಿತ್ತು.

ಗೆನ್ನ ಎನ್ನುವ ಕ್ರಿಸ್ಮಸ್ ಹಬ್ಬ ಕಳೆದ ವಾರ ಕೆಳಗಿನ ಓಣಿಯಲ್ಲಿ ತುಂಬು ವಯಸ್ಸಿನ ಅಜ್ಜಿಯೊಬ್ಬಳು ತೀರಿಕೊಂಡಳು. ಅಂಜುಲೊ ಮಂಜಿನಲ್ಲೇ ಹೊರಟ. ಮೊದಲ ತಿರುವಿನಲ್ಲಿ ಊದಿದ, ಎರಡನೆಯದರಲ್ಲೂ ಊದಿದ. ಮೂರನೆಯ ತಿರುವಿಗೆ ಏರು ಹತ್ತುವಾಗ ಎದೆ ಬಿಗಿದುಕೊಂಡಿತು. ಹೆಸರು ಕೂಗಲು ಬಾಯಿ ತೆರೆದರೆ ಮಾತೇ ಹೊರಡಲಿಲ್ಲ. ಹತ್ತಿರ ಸಿಕ್ಕ ಗೇಟಿಗೆ ಬೆನ್ನು ಕೊಟ್ಟು ಕುಸಿದು ಕೂತ. ಕಹಳೆ ತೊಡೆಯ ಮೇಲಿತ್ತು, ತಲೆ ಬಾಗಿತ್ತು, ಕಣ್ಣಲ್ಲಿ ಕೆಮ್ಮಿನ ನೀರಿತ್ತು.

ಅದು ಸಂಘದ ಅಧ್ಯಕ್ಷ ಅತೊ ಕಿಫ್ಲೆಯ ಗೇಟು.

ಕಹಳೆ ಕೇಳಿ ಹೊರಗೆ ಬಂದವರು ಕಂಡದ್ದು ಅಷ್ಟೇ: ಅಧ್ಯಕ್ಷರ ಬಾಗಿಲಲ್ಲಿ ಕಹಳೆಗಾರ ತಲೆ ತಗ್ಗಿಸಿ ಅಳುತ್ತಾ ಕೂತಿದ್ದಾನೆ. ಮತ್ತೇನು ಕೇಳುವುದು? ಹೆಂಗಸರು ನೆಟೆಲ ತಿರುಗಿಸಿ, ಬಣ್ಣದ ಅಂಚು ಕೊರಳಿಗೆ ಬರುವಂತೆ ಹೊದ್ದುಕೊಂಡರು. ಸೂತಕಕ್ಕೆ ಹಾಗೆಯೇ ಹೊದೆಯುವುದು. ಹುಡುಗರು ಡೇರೆ ತರಲು ಓಡಿದರು. ಮೂಲೆಯಲ್ಲಿ ಕಾಫಿ ಮಾರುವ, ಓಣಿಗೆಲ್ಲ ಎಮಾಮಾ ಎನಿಸಿಕೊಂಡ ಮುದುಕಿ ಸಿಗೆ ಎಲ್ಲರಿಗಿಂತ ಮೊದಲು ರಾಗ ತೆಗೆದಳು.

"ಅಯ್ಯೋ ನಮ್ಮ ಕಿಫ್ಲೇ! ಮೊನ್ನೆ ತಾನೇ ನನ್ ಹತ್ರ ದಂಡ ಕಿತ್ಕೊಂಡು ಹೋದ್ಯಲ್ಲಪ್ಪಾ! ಚಿಲ್ರೆ ವಾಪಸ್ ಕೊಡೋದೂ ಬಾಕಿ ಇತ್ತಲ್ಲಪ್ಪಾ!"

ಗೇಟು ತೆರೆಯಿತು. ಒಂದು ಕೆನ್ನೆಗೆ ನೊರೆ ಮೆತ್ತಿಕೊಂಡು, ಇನ್ನೊಂದು ಕೆನ್ನೆ ನುಣ್ಣಗೆ ಮಾಡಿಕೊಂಡು, ಕ್ಷೌರದ ಕತ್ತಿ ಹಿಡಿದ ಅತೊ ಕಿಫ್ಲೆ ನಿಂತಿದ್ದ.

"ಏನ್ರೀ ಇದು ಗಲಾಟೆ? ನಮ್ಮನೇಲಿ ಯಾರ್ರೀ ಸತ್ತಿದ್ದು?"

 ಸಿಗೆ ಕಣ್ಣೊರೆಸಿಕೊಂಡು, "ನೀನೇ" ಎಂದಳು. "ಆದ್ರೆ ಪರವಾಗಿಲ್ಲ ಬಿಡು, ಬದುಕಿದೀಯಲ್ಲ. ಆ ಚಿಲ್ರೆ ತಗೊಂಬಾ."

ಅಜ್ಜಿಯ ಮಣ್ಣು ಮುಗಿದ ಮೇಲೆ ಕಿಫ್ಲೆ ಅಂಜುಲೊನನ್ನು ಕರೆಸಿಕೊಂಡ. ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ, ಓಣಿಯವರು ಗೌರವಕ್ಕೆ 'ಅತೊ' ಸೇರಿಸಿ ಕರೆಯುವ ಕಿಫ್ಲೆ ನಿಯಮದ ಮನುಷ್ಯ. ಸಿಟ್ಟು ಇಳಿದು, ಮುಖದಲ್ಲಿ ಒಂಥರಾ ಸಂತೋಷವೇ ಇತ್ತು. "ಯಾರ್ಯಾರು ನಂಗೋಸ್ಕರ ಅತ್ರು ಅಂತ ನೋಡಿದ್ನಲ್ಲ, ಅಷ್ಟು ಸಾಕು. ಪಕ್ಕದ ಮನೆಯೋನ ಕಣ್ಣು ಮರುಭೂಮಿ ಥರ ಒಣಗಿತ್ತು" ಎಂದ. ಆಮೇಲೆ ದನಿ ತಗ್ಗಿಸಿದ. "ನೋಡು ಅಂಜುಲೊ, ಸಮಿತಿಯವರು ಧ್ವನಿವರ್ಧಕ ಕೊಳ್ಳೋಣ ಅಂತಿದಾರೆ. ಬ್ಯಾಟರಿದು. ಅದಕ್ಕೆ ಎದೆ ಬೇಕಾಗಲ್ಲ. ತಿಮ್ಕತ್ ಹಬ್ಬ ಕಳೆದ ಮೇಲಿನ ಭಾನುವಾರ ಸಭೆ ಇದೆಯಲ್ಲ, ಅಷ್ಟರಲ್ಲಿ ನಿನ್ ಉಸಿರು ಸರಿ ಹೋದ್ರೆ ಕಹಳೆ ನಿಂದೇ. ಇಲ್ದಿದ್ರೆ ನನ್ ಕೈಲಿ ಏನೂ ಇಲ್ಲಪ್ಪ."

ಅಂಜುಲೊ ಮನೆಗೆ ಬಂದು ಮಗ್ಗದ ಗುಂಡಿಗಿಳಿದ. ಆದರೆ ಲಾಳಿ ಮುಟ್ಟಲಿಲ್ಲ. ನೇಯುವವರು ಈ ಓಣಿಯಲ್ಲಿ ಮನೆಗೊಬ್ಬರಿದ್ದಾರೆ. ಕಹಳೆಗಾರ ಅಂದರೆ ಅವನೊಬ್ಬನೇ. ಹುಟ್ಟಿನ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತದೆ, ಕೊನೆಯ ಸುದ್ದಿ ಮಾತ್ರ ಅವನ ಎದೆಯಿಂದ ಹೋಗಬೇಕು. ಸತ್ತವರ ಹೆಸರನ್ನು ಕೊನೆಯ ಸಲ ಅಷ್ಟು ಗಟ್ಟಿಯಾಗಿ ಹೇಳುವುದು ಒಂದು ಮರ್ಯಾದೆ ಎಂದು ಅವನು ನಂಬಿದ್ದ. ಬ್ಯಾಟರಿಗೆ ಆ ಮರ್ಯಾದೆ ಗೊತ್ತಿದ್ದೀತೆ?

"ಎದ್ದೇಳು" ಎಂದಳು ಅಮರೆಚ್, ಕದಿರು ಕೆಳಗಿಟ್ಟು. "ಡಾಕ್ಟ್ರು ಬರೆದ ಚೀಟಿ ಎಲ್ಲಿ? ಹೋಗಿ ಆ ಡಬ್ಬಿ ತರೋಣ."

"ತಂದಿದ್ವಲ್ಲ ಒಂದ್ಸಲ. ಏನಾಯ್ತು? ಏನೂ ಆಗ್ಲಿಲ್ಲ."

ಅದು ನಿಜ. ಮಳೆಗಾಲ ಮುಗಿದಾಗ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಒಂದು ವಿದೇಶಿ ಇನ್ಹೇಲರ್ ಬರೆದುಕೊಟ್ಟಿದ್ದರು. ಆಸ್ಪತ್ರೆಯಲ್ಲಿ ಅದು ಇರಲಿಲ್ಲ. ಹಬ್ಬಕ್ಕೆಂದು ನೇಯ್ದಿದ್ದ ಒಳ್ಳೆಯ ನೆಟೆಲ ಮಾರಿ ನಗರದ ಪಿಯಾಸ್ಸ ಪೇಟೆಯ ಔಷಧಿ ಅಂಗಡಿಯಲ್ಲಿ ಕೊಂಡಿದ್ದರು. ಡಬ್ಬಿ ಖಾಲಿಯಾಯಿತು, ಎದೆಯ ಬೆಕ್ಕಿನ ಮರಿ ಮಾತ್ರ ಅಲ್ಲೇ ಇತ್ತು. ಆಮೇಲೆ ಉಸಿರು ಕಟ್ಟಿದಾಗಲೆಲ್ಲ ಎಮಾಮಾ ಸಿಗೆಯ ನೀಲಿ ಡಬ್ಬಿಯಿಂದ ಒಂದೆರಡು ಸಲ ಒತ್ತಿಕೊಂಡು ಕಾಲ ಹಾಕುತ್ತಿದ್ದ. ಆದರೂ ಹೆಂಡತಿಯ ಮಾತಿಗೆ ಎದ್ದ.

ಪಿಯಾಸ್ಸದ ಅಂಗಡಿ ಗಾಜಿನದು. ಒಳಗೆ ಕಾಲಿಟ್ಟರೆ ತಣ್ಣನೆಯ ಗಾಳಿ. ಚೀಟಿ ನೋಡಿದ ಹುಡುಗ ಬೆಲೆ ಹೇಳಿದ. ಹೋದ ಸಲಕ್ಕಿಂತ ಹೆಚ್ಚಾಗಿತ್ತು.

"ಇದು ವರ್ಷಕ್ಕೆ ತಾನೇ?" ಎಂದ ಅಂಜುಲೊ.

"ತಿಂಗಳಿಗೆ, ಗಾಶೆ" ಎಂದ ಹುಡುಗ, ಹಿರಿಯರನ್ನು ಕರೆಯುವ ಮರ್ಯಾದೆಯಲ್ಲಿ.

"ಬರೀ ಡಬ್ಬಿಗಾ? ಜೊತೆಗೆ ಒಂದು ಕುರೀನೂ ಕೊಡ್ತೀರಾ?"

ಹುಡುಗ ನಗು ತಡೆದುಕೊಂಡ. ಅಮರೆಚ್ ಗಂಡನ ತೋಳು ಹಿಡಿದು ಎಳೆದಳು. "ನಡಿ ಹೊರಗೆ. ಇಲ್ಲಿ ಇನ್ನೊಂಚೂರು ನಿಂತ್ರೆ ಈ ತಣ್ಣನೆ ಗಾಳಿಗೂ ಬಿಲ್ ಹಾಕ್ತಾರೆ."

ದಾರಿಯಲ್ಲಿ ಏರು ಹತ್ತಲಾಗದೆ ಅವರು ಸಿಗೆಯ ಕಾಫಿ ಮೂಲೆಯಲ್ಲಿ ಕೂತರು. ಸಿಗೆ ಇದ್ದಿಲ ಒಲೆಯನ್ನು ದೂರ ಸರಿಸಿ, ಎದೆಯ ಗಂಟಿನಿಂದ ನೀಲಿ ಡಬ್ಬಿ ತೆಗೆದು ಕೊಟ್ಟಳು. ಅಂಜುಲೊ ಪಕ್ಕಕ್ಕೆ ತಿರುಗಿ ಅದನ್ನು ಬಾಯಿಗಿಟ್ಟುಕೊಂಡು ವಾಪಸು ಕೊಟ್ಟ.

"ಈ ಬೀದೀಲಿ ಉಪ್ಪು ಸಾಲ ಕೊಡೋರು ಬೇಕಾದಷ್ಟು ಜನ ಇದಾರೆ. ಉಸಿರು ಸಾಲ ಕೊಡೋಳು ನಾನೊಬ್ಳೇ" ಎಂದಳು ಸಿಗೆ. ಗಾಜಿನ ಅಂಗಡಿಯ ಬೆಲೆ ಕೇಳಿ ಕಾಫಿ ಕುದಿಸುವ ಜೆಬೆನಾವನ್ನೇ ಕೆಳಗಿಟ್ಟಳು. "ಅಲ್ಲಿಗ್ಯಾಕೆ ಹೋದ್ರಿ? ನಗರಸಭೆ ಔಷಧಿ ಅಂಗಡಿ ಇದೆಯಲ್ಲ, ಸಂತೆ ಹಿಂದೆ. ಬೆಂಚಿನ ಮೇಲೆ ಕಾಯ್ಬೇಕು, ಗಾಜು ಗೀಜು ಇಲ್ಲ. ಅಲ್ಲಿ ಸೋಸಿನಾ ಅಂತ ಒಂದು ಹುಡುಗಿ. ಬೈತಾಳೆ, ಆದ್ರೆ ಬೈದು ದಾರಿ ತೋರಿಸ್ತಾಳೆ."

ಮರುದಿನ ಬೆಂಚಿನ ಮೇಲೆ ಕಾದರು. ಬಿಳಿ ಕೋಟಿನ ಸೋಸಿನಾ ಚೀಟಿಯನ್ನು ಎರಡು ಸಲ ಓದಿದಳು.

"ಗಾಶೆ, ಇದರಲ್ಲಿ ಬರೆದಿರೋದು ಕಂಪನಿ ಹೆಸರು. ಎರಡು ಔಷಧಿ ಸೇರಿಸಿ ಒಂದೇ ಡಬ್ಬೀಲಿ ತುಂಬಿರೋ ಹೊರದೇಶದ್ದು. ಒಳ್ಳೇದೇ. ಆದ್ರೆ ಅದೊಂದೇ ದಾರಿ ಅಲ್ಲ. ದಿನಾ ಎರಡು ಹೊತ್ತು ತಗೊಳ್ಳೋ ಕಂದು ಡಬ್ಬಿ ಇದೆ. ಹಳೇ ಔಷಧಿ, ಬೇರೆ ಬೇರೆ ಕಂಪನಿಗಳು ಮಾಡ್ತವೆ, ಅದಕ್ಕೇ ಬೆಲೆ ಕಮ್ಮಿ. ಉಸಿರು ಕಟ್ಟಿದಾಗ ಮಾತ್ರ ನೀಲಿ. ನಿಮ್ಮ ಎದೆಗೆ ಅದು ಸಾಕಾ ಅಂತ ಡಾಕ್ಟ್ರೇ ಹೇಳ್ಬೇಕು, ನಾನಾಗಿ ಬದಲಾಯಿಸೋ ಹಾಗಿಲ್ಲ. ಹೋಗಿ ಕೇಳಿ: ಇದನ್ನ ಕೊಳ್ಳೋಕೆ ಆಗ್ತಿಲ್ಲ, ನನಗೆ ಆಗೋ ಅಂಥ ಅಗ್ಗದ್ದು ಇದೆಯಾ ಅಂತ."

"ಡಾಕ್ಟ್ರನ್ನ ಹಾಗೆಲ್ಲ ಕೇಳ್ಬಹುದಾ?"

"ಕೇಳದಿದ್ರೆ ಅವರಿಗೆ ಹ್ಯಾಗೆ ಗೊತ್ತಾಗುತ್ತೆ?"

ಅಂಜುಲೊ ನೆಲ ನೋಡಿದ. "ದುಬಾರಿದೇ ಕೆಲಸ ಮಾಡ್ಲಿಲ್ಲ ಮಗಳೇ. ಅಗ್ಗದ್ದು ಏನು ಮಾಡೀತು?"

ಸೋಸಿನಾ ಹುಬ್ಬು ಗಂಟಿಕ್ಕಿದಳು. ಒಳಗಿನಿಂದ ಕಲಿಸುವುದಕ್ಕೆಂದೇ ಇಟ್ಟಿದ್ದ, ಔಷಧಿ ಇಲ್ಲದೆ ಬರೀ ಹಬೆ ಬರುವ ಒಂದು ಡಬ್ಬಿ ತಂದಳು. "ನೀವು ಹ್ಯಾಗೆ ತಗೊಂಡ್ರಿ ಅಂತ ತೋರ್ಸಿ."

ಅಂಜುಲೊ ಎದ್ದು ನಿಂತ. ಕಾಲು ಅಗಲಿಸಿದ. ತುಟಿ ಒರೆಸಿಕೊಂಡ. ಎದೆ ತುಂಬ ಗಾಳಿ ಎಳೆದು, ಡಬ್ಬಿಯ ಬಾಯಿಗೆ ತುಟಿ ಬಿಗಿಯಾಗಿ ಹಚ್ಚಿ, ಒತ್ತಿ, ಕೆನ್ನೆಯುಬ್ಬಿಸಿ ಊದಿದ. ಡಬ್ಬಿಯ ಹಿಂಬದಿಯಿಂದ ಬಿಳಿಯ ಹಬೆ ಭುಸ್ಸೆಂದು ಹಾರಿ ಸೋಸಿನಾಳ ಕನ್ನಡಕದ ಮೇಲೆ ಕೂತಿತು.

ಬೆಂಚಿನ ಮೇಲಿದ್ದವರು ಪಿಳಿಪಿಳಿ ನೋಡಿದರು. ಸೋಸಿನಾ ನಿಧಾನವಾಗಿ ಕನ್ನಡಕ ತೆಗೆದಳು.

"ಗಾಶೆ, ನೀವೇನು ಕೆಲಸ ಮಾಡೋದು?"

"ನೇಯ್ತೀನಿ."

"ಕಹಳೆನೂ ಊದ್ತಾನೆ" ಎಂದಳು ಅಮರೆಚ್.

ಸೋಸಿನಾ ತಲೆಯನ್ನು ಕಟ್ಟೆಯ ಮೇಲಿಟ್ಟಳು. ಅವಳ ಭುಜಗಳು ಅಲುಗಿದವು. ಅಳುತ್ತಿದ್ದಾಳೆಂದು ಅಂಜುಲೊ ಗಾಬರಿಯಾದ. ತಲೆ ಎತ್ತಿದಾಗ ಕಣ್ಣಲ್ಲಿ ನೀರೇ ಇತ್ತು, ನಕ್ಕು ನಕ್ಕು ಬಂದದ್ದು. "ಊದೋದಲ್ಲ ಗಾಶೆ! ಎಳ್ಕೋಬೇಕು! ಮೊದಲು ಇರೋ ಗಾಳಿ ಎಲ್ಲಾ ಬಿಟ್ಬಿಡಿ, ಆಮೇಲೆ ಒತ್ತುತ್ತಾ ಮೆಲ್ಲಗೆ ಒಳಗೆ ಎಳ್ಕೊಳ್ಳಿ!"

ಆಸ್ಪತ್ರೆಯಲ್ಲಿ ಹೇಳಿದ್ದು, ಬಾಯಿಗಿಟ್ಟು ಒತ್ತಿ ಎಂದು. ಬಾಯಿಗಿಟ್ಟದ್ದನ್ನು ಏನು ಮಾಡಬೇಕೆಂದು ಅಂಜುಲೊನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹದಿನಾರನೆಯ ವಯಸ್ಸಿನಿಂದ ಅವನಿಗೆ ಅದು ಗೊತ್ತಿತ್ತು.

ಅಮರೆಚ್‌ಗೆ ವಿಷಯ ಇಳಿಯಲು ಒಂದು ಗಳಿಗೆ ಬೇಕಾಯಿತು. "ಹಾಗಾದ್ರೆ ನನ್ ಹಬ್ಬದ ನೆಟೆಲ ಮಾರಿ ತಂದ ಔಷಧೀನ ನಮ್ಮನೆ ಗೋಡೆ ಕುಡೀತಾ?" ಎಂದಳು. "ಅದಕ್ಕೇ ನೋಡಿ, ಆ ಗೋಡೆಗೆ ಒಂದಿನಾನೂ ಕೆಮ್ಮು ಬರ್ಲಿಲ್ಲ!"

ಬೆಂಚಿಗೆ ಬೆಂಚೇ ನಕ್ಕಿತು. ಅಂಜುಲೊ ಮೊದಲು ಕೆಂಪಾದ, ಆಮೇಲೆ ಅವನೂ ನಕ್ಕ. ನಗುವಾಗ ಕೆಮ್ಮು ಬಂತು, ಕೆಮ್ಮಿನ ನಡುವೆಯೂ ನಕ್ಕ. ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದ ಒಂದು ಭಾರ ಇಳಿದಂತಾಗಿತ್ತು. ಔಷಧಿ ಸೋತಿರಲಿಲ್ಲ, ಅದು ಅವನ ಒಳಗೇ ಹೋಗಿರಲಿಲ್ಲ.

ಸೋಸಿನಾ ಇನ್ನೊಂದು ಉಪಾಯ ಹೇಳಿಕೊಟ್ಟಳು. ಅರ್ಧ ಲೀಟರಿನ ಖಾಲಿ ನೀರಿನ ಬಾಟಲಿ ಸಾಕು. ತಳದಲ್ಲಿ ಡಬ್ಬಿಯ ಬಾಯಿ ಸರಿಯಾಗಿ ಕೂರುವಷ್ಟು ತೂತು ಮಾಡಬೇಕು. ಡಬ್ಬಿಯನ್ನು ಅಲ್ಲಿ ಸಿಕ್ಕಿಸಿ ಒತ್ತಿದರೆ ಔಷಧಿ ಬಾಟಲಿಯೊಳಗೆ ನಿಲ್ಲುತ್ತದೆ; ಬಾಟಲಿಯ ಬಾಯಿಗೆ ತುಟಿಯಿಟ್ಟು ನಿಧಾನವಾಗಿ ಎಳೆದುಕೊಳ್ಳಬಹುದು. ಗಂಟಲಿಗೆ ಅಂಟಿ ಹಾಳಾಗುವುದು ಕಡಿಮೆ, ಎದೆಗೆ ಸೇರುವುದು ಹೆಚ್ಚು. "ಇದನ್ನೇ ಅಂಗಡೀಲಿ ಕೊಂಡ್ರೆ ಅದಕ್ಕೊಂದು ಬೆಲೆ. ಬಾಟ್ಲಿಗೆ ಕಾಸಿಲ್ಲ" ಎಂದಳು. "ಮತ್ತೆ, ಇನ್ನೊಬ್ರ ಡಬ್ಬಿ ಬಾಯಿಗಿಡ್ಬೇಡಿ. ಯಾರ್ದು ಅಂತ ನಂಗೊತ್ತು, ಆ ಕಾಫಿ ಎಮಾಮಾಗೂ ಹೇಳಿ."

ಡಾಕ್ಟರ ಬಳಿ ಹೇಳಬೇಕಾದ ಮಾತನ್ನು ಅಂಜುಲೊ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ಎಷ್ಟೋ ಸಾವುಗಳನ್ನು ಬೀದಿ ತುಂಬ ಕೂಗಿದ ಗಂಟಲು, ಈ ಒಂದು ಸಾಲನ್ನು ಪಿಸುಗುಟ್ಟಲು ಹೆದರುತ್ತಿತ್ತು. ಕೋಣೆಯೊಳಗೆ ಹೋದವನೇ ಕಣ್ಣು ಮುಚ್ಚಿ ಸಾವಿನ ಸುದ್ದಿಯ ರಾಗದಲ್ಲೇ ಹೇಳಿಬಿಟ್ಟ: "ಡಾಕ್ಟ್ರೇ, ಈ ಡಬ್ಬಿ ಕೊಳ್ಳೋ ಶಕ್ತಿ ನನಗಿಲ್ಲ!" ಹೊರಗೆ ಸಾಲಿನಲ್ಲಿದ್ದವರಿಗೂ ಕೇಳಿಸಿತು.

ಯುವಕ ಡಾಕ್ಟರು ಪೆನ್ನು ಕೆಳಗಿಟ್ಟರು. "ಮೊದಲೇ ಹೇಳಬಾರದಿತ್ತಾ? ಎಲ್ಲರೂ ತಲೆ ಆಡಿಸಿ ಚೀಟಿ ತಗೊಂಡು ಹೋಗ್ತಾರೆ. ಕೊಂಡ್ರೋ ಇಲ್ವೋ ನನಗೆ ಗೊತ್ತೇ ಆಗಲ್ಲ." ಎದೆ ಪರೀಕ್ಷಿಸಿ, ಎಳೆದುಕೊಳ್ಳುವ ಬಗೆ ಮಾಡಿಸಿ ನೋಡಿ, ಹೊಸ ಚೀಟಿ ಬರೆದರು, ಈ ಸಲ ಕಂಪನಿಯ ಹೆಸರಲ್ಲ, ಔಷಧಿಯ ಹೆಸರು. ಬೆಳಿಗ್ಗೆ ಸಂಜೆ ಕಂದು, ಆಮೇಲೆ ಬಾಯಿ ಮುಕ್ಕಳಿಸಬೇಕು. ಕಟ್ಟಿದಾಗ ಮಾತ್ರ ನೀಲಿ. ಒಂದೂವರೆ ತಿಂಗಳು ಬಿಟ್ಟು ಮತ್ತೆ ಬಂದು ತೋರಿಸಬೇಕು. ಕಂದು ಔಷಧಿ ಮೆಲ್ಲಗೆ ಕೆಲಸ ಮಾಡುತ್ತದೆ, ಚೆನ್ನಾಗಿದೆ ಅನ್ನಿಸಿತೆಂದು ಬಿಡಬಾರದು.

ನೀಲಿ ಡಬ್ಬಿ ಅಂದೇ ಸಿಕ್ಕಿತು. ಕಂದು ಮಾತ್ರ ನಗರಸಭೆಯ ಅಂಗಡಿಯಲ್ಲಿ ಮುಗಿದಿತ್ತು. "ಬಂದ ದಿನವೇ ಖಾಲಿಯಾಗುತ್ತೆ ಗಾಶೆ. ನಂಬರ್ ಕೊಟ್ಟು ಹೋಗಿ, ಬಂದ ತಕ್ಷಣ ಫೋನ್ ಮಾಡ್ತೀನಿ" ಎಂದಳು ಸೋಸಿನಾ.

ಅಂಜುಲೊ ಸೂಜಿ ಕಾಯಿಸಿ ಬಾಟಲಿಗೆ ತೂತು ಕೊರೆದ. ನೇಕಾರನ ಕೈ, ಕೂದಲೆಳೆಯಷ್ಟು ಸಂದೂ ಉಳಿಯಲಿಲ್ಲ. ಎಳೆದುಕೊಂಡ. ಅರ್ಧ ಗಂಟೆಯೊಳಗೆ ಏರು ಹತ್ತಿ ಇಳಿದು ಬಂದ. ಸಿಗೆಗೂ ಒಂದು ಬಾಟಲಿ ಮಾಡಿಕೊಟ್ಟ. ಅವಳು ಒಂದು ಸಲ ಎಳೆದು, ಕಣ್ಣರಳಿಸಿ, "ಇಷ್ಟು ವರ್ಷ ನಾನು ಬರೀ ನಾಲಿಗೆಗೆ ಔಷಧಿ ಹಾಕ್ತಿದ್ನಾ? ಅದಕ್ಕೇ ನನ್ ನಾಲಿಗೆ ಇಷ್ಟು ಗಟ್ಟಿ" ಎಂದಳು.

ಈಗ ಉಳಿದದ್ದು ಕಹಳೆ. ಊದಿ ನೋಡಬೇಕು, ಆದರೆ ಎಲ್ಲಿ? ಈ ಬೆಟ್ಟದ ಇಳಿಜಾರಿನಲ್ಲಿ ಕಹಳೆಯ ಅಭ್ಯಾಸ ಎನ್ನುವುದೇ ಇಲ್ಲ. ಊದಿದರೆ ಯಾರೋ ಸತ್ತರೆಂದೇ ಲೆಕ್ಕ. ಒಂದು ಮಧ್ಯಾಹ್ನ ನೀಲಗಿರಿ ತೋಪಿನ ಒಳಗೆ ಹೋಗಿ ಮೆಲ್ಲಗೆ ಊದಿದ್ದಕ್ಕೇ ಸೌದೆಯ ಹೆಂಗಸರು ಹೊರೆ ಬಿಸಾಡಿ ಮನೆ ಕಡೆ ಓಡಿದರು. ಅವರನ್ನು ಹಿಂದಕ್ಕೆ ಕರೆದು, ಬೈಸಿಕೊಂಡು, ಹೊರೆ ಎತ್ತಿಕೊಟ್ಟು ಬಂದ. ಕೊನೆಗೆ ಕಹಳೆಯ ಬಾಯಿಗೆ ಹತ್ತಿ ತುರುಕಿ ಮನೆಯೊಳಗೇ ಊದತೊಡಗಿದ. ಅದರಿಂದ ಬರುತ್ತಿದ್ದ ಸದ್ದು ಕೇಳಿ ಅಮರೆಚ್, "ನನ್ ಸವತಿಗೆ ಅಜೀರ್ಣ ಆಗಿದೆ" ಎಂದಳು.

ತಿಮ್ಕತ್ ಕಳೆಯಿತು. ಸಭೆಗೆ ಇನ್ನೆರಡು ದಿನ ಇರುವಾಗ, ಶುಕ್ರವಾರ ಬೆಳಿಗ್ಗೆ, ಫೋನು ಬಂತು.

"ಗಾಶೆ, ಕಂದು ಬಂದಿದೆ! ಸ್ವಲ್ಪವೇ ಬಂದಿದೆ, ಸಂಜೆ ಹೊತ್ತಿಗೆ ಖಾಲಿ. ಮುಂದಿನ ಸಲ ಯಾವಾಗಲೋ ದೇವರಿಗೇ ಗೊತ್ತು. ಇಂಥ ಚೀಟಿ ಇರೋರು ನಿಮ್ಮ ಕಡೆ ಯಾರ್ಯಾರಿದಾರೋ ಎಲ್ಲರನ್ನೂ ಕಳ್ಸಿ. ಒಬ್ಬೊಬ್ರಿಗೆ ಮೂರು ತಿಂಗಳದ್ದು ಕೊಡ್ತೀನಿ."

ಅಗ್ಗವೇನೋ ಹೌದು. ಆದರೆ ಮೂರು ತಿಂಗಳದ್ದನ್ನು ಒಟ್ಟಿಗೆ ಕೊಳ್ಳುವಷ್ಟು ಹಣ ಅಂಜುಲೊನ ಬಳಿ ಇರಲಿಲ್ಲ, ಸಿಗೆಯ ಬಳಿಯೂ ಇರಲಿಲ್ಲ. ಇನ್ನೂ ಯಾರ ಬಳಿ ಇಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷ ನಸುಕಿನಲ್ಲಿ ಓಣಿ ಸುತ್ತಿದವನಿಗೆ ಯಾವ ಬಾಗಿಲ ಹಿಂದೆ ಯಾರು ಕೆಮ್ಮುತ್ತಾರೆ ಎಂಬುದು ಬಾಯಿಪಾಠವಾಗಿತ್ತು. ಅವನು ನೇರ ಕಿಫ್ಲೆಯ ಮನೆಗೆ ನಡೆದ, ಕಹಳೆ ಹೆಗಲಿಗೆ ಹಾಕಿಕೊಂಡೇ.

"ಸಂಘದ ಹಣದಿಂದ ಸಾಲ ಕೊಡಿ, ಅತೊ ಕಿಫ್ಲೆ. ತಿಂಗಳ ಚಂದಾ ಜೊತೆಗೆ ತೀರಿಸ್ತೀವಿ."

"ನಿಂಗೆ ಗೊತ್ತಲ್ಲಯ್ಯಾ, ಅದು ಸಾವಿಗೆ ಇಟ್ಟ ಹಣ."

"ನಾನೂ ಸಾಯೋನೇ. ಮುಂಗಡ ಅಂದ್ಕೊಳ್ಳಿ."

ಕಿಫ್ಲೆ ನಗದಿರಲು ಮೀಸೆ ಕಚ್ಚಿದ. "ನಾನೊಬ್ನೇ ಕೊಡೋ ಹಾಗಿಲ್ಲ. ಸದಸ್ಯರೆಲ್ಲಾ ಸೇರಿ ಒಪ್ಪಬೇಕು. ಭಾನುವಾರ ಸಭೇಲಿ ಕೇಳು."

"ಭಾನುವಾರಕ್ಕೆ ಡಬ್ಬಿ ಇರಲ್ಲ."

"ಏನ್ಮಾಡ್ಲಿ? ನಿಯಮ ಇರೋದೇ ಹಾಗೆ. ತಿಂಗಳ ಭಾನುವಾರ ಸೇರ್ಬೇಕು, ಇಲ್ಲಾ ಕಹಳೆ ಕೇಳಿದಾಗ ಸೇರ್ಬೇಕು..." ಎಂದು ಹೇಳುತ್ತಿದ್ದ ಕಿಫ್ಲೆ ಅಲ್ಲಿಗೇ ನಿಲ್ಲಿಸಿದ. ಅಂಜುಲೊನ ಕೈ ಕಹಳೆಯ ಮೇಲಿತ್ತು. "ಬೇಡ. ಅಂಜುಲೊ, ಬೇಡಪ್ಪಾ. ಹಾಗೆ ಮಾಡಿದೋರು ಯಾರೂ ಇಲ್ಲ."

ಅಂಜುಲೊ ಜೇಬಿನಿಂದ ಬಾಟಲಿ ತೆಗೆದ, ನೀಲಿ ಡಬ್ಬಿ ಸಿಕ್ಕಿಸಿದ, ಗಾಳಿ ಪೂರ್ತಿ ಬಿಟ್ಟು ಮೆಲ್ಲಗೆ ಎಳೆದುಕೊಂಡ. ಸ್ವಲ್ಪ ಹೊತ್ತು ಗೇಟಿಗೆ ಒರಗಿ ಕಾದ; ಮೊನ್ನೆ ಕುಸಿದು ಕೂತಿದ್ದ ಅದೇ ಗೇಟು. ಆಮೇಲೆ ಓಣಿಗಿಳಿದು ಊದಿದ.

ಅದು ಹಳೆಯ ಅಂಜುಲೊನ ಕಹಳೆ. ತಗಡಿನ ಛಾವಣಿಗಳ ಮೇಲೆ ಉರುಳಿಕೊಂಡು ಹೋಗಿ ಬೆಟ್ಟಕ್ಕೆ ಬಡಿದು ತಿರುಗಿ ಬಂತು. ತಿರುವು ತಿರುವಿನಲ್ಲೂ ಊದಿದ. ಹೆಸರು ಮಾತ್ರ ಹೇಳಲಿಲ್ಲ. "ಡೇರೆ ಬಯಲಿಗೆ ಬನ್ನಿ! ಎಲ್ಲಾ ಬನ್ನಿ!" ಎಂದಷ್ಟೇ ಕೂಗಿದ. ಹೆಸರಿಲ್ಲದ ಸಾವು ಇನ್ನೂ ದೊಡ್ಡದಿರಬೇಕೆಂದು ಜನ ಇನ್ನೂ ಜೋರಾಗಿ ಓಡಿ ಬಂದರು.

ಸಂಘ ಡೇರೆ ಹಾಕುವ ಬಯಲು ತುಂಬಿತು. ಎಲ್ಲರ ನೆಟೆಲದ ಅಂಚೂ ಕೊರಳಲ್ಲಿ. ಆ ಅಂಚುಗಳಲ್ಲಿ ಎಷ್ಟನ್ನೋ ಅಂಜುಲೊನೇ ನೇಯ್ದಿದ್ದ. ತಾನು ನೇಯ್ದ ಹೂವುಗಳೆಲ್ಲ ತಲೆಕೆಳಗಾಗಿ ನಿಂತಂತೆ ಅವನಿಗೆ ಕಂಡಿತು. ಸಿಗೆ ಆಗಲೇ ಎದೆ ಬಡಿದುಕೊಳ್ಳುತ್ತಿದ್ದಳು. "ಯಾರೇ ಆಗ್ಲಿ, ತುಂಬಾ ಒಳ್ಳೇ ಮನುಷ್ಯ!"

"ಯಾರು ಹೋದ್ರು ಅಂಜುಲೊ?" ಎಂದು ನಾಲ್ಕು ಕಡೆಯಿಂದ ಕೇಳಿದರು.

"ಯಾರೂ ಹೋಗಿಲ್ಲ!" ಎಂದು ಅಂಜುಲೊ ಕೂಗಿದ. "ಅದನ್ನೇ ಹೇಳೋಕೆ ಕರ್ದಿದ್ದು. ನಮ್ಮ ಓಣೀಲಿ ಇವತ್ತು ಯಾರೂ ಸತ್ತಿಲ್ಲ!"

 ಬೈಗುಳ ಶುರುವಾಯಿತು.

"ನಾನು ಒಲೆ ಮೇಲೆ ಇಂಜೆರ ರೊಟ್ಟಿ ಬಿಟ್ಟು ಬಂದಿದೀನಿ ಕಣೋ!"

"ನಾನು ಅರ್ಧ ತಲೆ ಹೆಣೆಸ್ಕೊಂಡು ಓಡಿ ಬಂದೆ, ನೋಡಿಲ್ಲಿ!"

"ಇವ್ನಿಗೆ ಉಬ್ಬಸ ತಲೆಗೇರಿದೆ!"

ಹಿಂದಿನಿಂದ ಕಿಫ್ಲೆ ಜನರನ್ನು ಸರಿಸಿಕೊಂಡು ಮುಂದೆ ಬಂದ. ಅವನು ಏನು ಹೇಳುವನೋ ಎಂದು ಅಂಜುಲೊ ಕಹಳೆಯನ್ನು ಅವುಚಿಕೊಂಡ. ಕಿಫ್ಲೆ ಕೋಟಿನ ಗುಂಡಿ ಹಾಕಿಕೊಂಡ, ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಕಹಳೆ ಕೇಳಿದೆ. ಸದಸ್ಯರು ಸೇರಿದಾರೆ. ನಿಯಮದ ಪ್ರಕಾರ ಇದು ಸಭೆ. ಅಂಜುಲೊ, ವಿಷಯ ಹೇಳು. ಬೇಗ."

ಅಂಜುಲೊ ಹೇಳಿದ. ಕಂದು ಡಬ್ಬಿ, ಸಂಜೆಗೆ ಖಾಲಿ, ಮೂರು ತಿಂಗಳ ಹಣ. "ನಾವು ಹೋದಾಗ ನೀವು ಡೇರೆ ಹಾಕ್ತೀರಿ, ಅಡುಗೆ ಮಾಡ್ತೀರಿ, ಹೊತ್ಕೊಂಡು ಹೋಗ್ತೀರಿ. ಅದು ದೊಡ್ಡ ಮನಸ್ಸು. ಆದ್ರೆ ಸತ್ತೋನು ಮುಂದಿನ ತಿಂಗಳು ಚಂದಾ ಕಟ್ಟಲ್ಲ. ಉಸಿರಾಡೋನು ಕಟ್ತಾನೆ. ಲೆಕ್ಕ ನೀವೇ ಹಾಕ್ಕೊಳ್ಳಿ."

ಎಲ್ಲೋ ಒಬ್ಬರು ಕಿಸಕ್ಕೆಂದರು. "ಇದು ಸಾವಿಗೆ ಇಟ್ಟ ಹಣ, ಮುಟ್ಟಿದ್ರೆ ಅಪಶಕುನ" ಎಂದು ಮುದುಕನೊಬ್ಬ ಗೊಣಗಿದ. ಸಿಗೆ ಅವನ ಕಡೆ ತಿರುಗಿದಳು. "ಹೋದ ತಿಂಗಳು ನಿನ್ ಮಗನ ಮದುವೆಗೆ ಇದೇ ಸಂಘದ ಪಾತ್ರೇಲಿ ಮಾಂಸ ಬೇಯಿಸ್ದ್ಯಲ್ಲ, ಆಗ ಎಲ್ಲಿ ಹೋಗಿತ್ತು ನಿನ್ ಶಕುನ? ತಿಂದೋಳು ನಾನೇ, ಉಪ್ಪೂ ಕಮ್ಮಿ ಇತ್ತು." ಅಷ್ಟು ಹೇಳಿ ಎದೆಯ ಗಂಟಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದು ತಲೆಯ ಮೇಲೆತ್ತಿ ಹಿಡಿದಳು. ಕೊಳ್ಳಲಾಗದೆ ಇಟ್ಟುಕೊಂಡಿದ್ದ ಚೀಟಿ.

ಅವಳ ಹಿಂದೆ ಇನ್ನೊಂದು ಕೈ ಮೇಲೆದ್ದಿತು. ಅದರಲ್ಲೂ ಚೀಟಿ. ಮತ್ತೊಂದು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡಿದ್ದವಳು, ಚೀಟಿ ಮನೆಯಲ್ಲಿದೆ ಎಂದು ಹೇಳಲು ಬರಿಗೈಯನ್ನೇ ಎತ್ತಿದಳು. ಪಕ್ಕ ಪಕ್ಕದ ಮನೆಯವರು ಒಬ್ಬರನ್ನೊಬ್ಬರು ನೋಡಿದರು. ಒಂದೇ ಗೋಡೆಯ ಎರಡು ಬದಿಗಳಲ್ಲಿ ಇಬ್ಬರೂ ಕೆಮ್ಮನ್ನು ದಿಂಬಿನಲ್ಲಿ ಅದುಮಿಕೊಂಡು ಮಲಗುತ್ತಿದ್ದರು, ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

"ಬೇಗ ಕೈ ಎತ್ರಪ್ಪಾ!" ಎಂದು ಇಂಜೆರ ಬಿಟ್ಟು ಬಂದವಳು ಅರಚಿದಳು. "ಸಾಲಕ್ಕೆ ಒಪ್ಪಿಗೆ ಇರೋರೆಲ್ಲಾ ಎತ್ತಿ! ನನ್ ಒಲೆ ಹೊಗೆಗೆ ಇನ್ನಿಬ್ರಿಗೆ ಉಬ್ಬಸ ಬರೋಕೆ ಮುಂಚೆ!"

ಕೈಗಳು ಎದ್ದವು. ಗೊಣಗಿದ ಮುದುಕನೂ ಅರ್ಧ ಎತ್ತಿದ; ಕಿಫ್ಲೆ ಅದನ್ನು ಪೂರ್ತಿ ಎಂದೇ ಎಣಿಸಿದ.

ಆಮೇಲೆ ಸಂತೆಯ ಹಿಂದಿನ ರಸ್ತೆಯಲ್ಲಿ ಹೋದವರು ಒಂದು ವಿಚಿತ್ರ ಕಂಡರು. ಮುಂದೆ ಕಹಳೆ ಹೆಗಲಿಗೇರಿಸಿದವನು, ಅವನ ಹಿಂದೆ ಸೂತಕದ ನೆಟೆಲ ಹೊದ್ದ ಒಂದು ಗುಂಪು, ಎಲ್ಲರೂ ನಗುತ್ತಾ ಹೋಗುತ್ತಿದ್ದಾರೆ. ನಗರಸಭೆಯ ಅಂಗಡಿಯ ಬಾಗಿಲಲ್ಲಿ ಅವರನ್ನು ಕಂಡು ಸೋಸಿನಾಳ ಕೈಯಲ್ಲಿದ್ದ ಪೆಟ್ಟಿಗೆ ಜಾರಿತು.

"ಅಯ್ಯೋ ದೇವರೇ! ಯಾರು ಹೋದ್ರು ಗಾಶೆ?"

"ಯಾರೂ ಇಲ್ಲ ಮಗಳೇ. ಅದಕ್ಕೇ ಬಂದ್ವಿ."

ಆಗ ಅಮರೆಚ್‌ಗೆ ನೆನಪಾಯಿತು. "ಏ, ನೆಟೆಲ ಸರಿ ಮಾಡ್ಕೊಳ್ರೇ!" ಎಂದಳು. ಬಾಗಿಲಲ್ಲೇ ಎಲ್ಲರೂ ತಿರುಗಿಸಿ ಹೊದ್ದುಕೊಂಡರು. ಹಸಿರು, ಕೆಂಪು, ಹಳದಿಯ ಅಂಚುಗಳೆಲ್ಲ ಒಮ್ಮೆಲೇ ಕೆಳಗಿಳಿದು ಮೊಣಕಾಲಿನ ಬಳಿ ಅರಳಿದವು. ಅಂಜುಲೊ ಔಷಧಿಯನ್ನು ಮರೆತು ಒಂದು ಗಳಿಗೆ ಅದನ್ನೇ ನೋಡಿದ.

ಭಾನುವಾರದ ಸಭೆಯಲ್ಲಿ ಧ್ವನಿವರ್ಧಕದ ಮಾತು ಯಾರೂ ಎತ್ತಲಿಲ್ಲ. ಸತ್ತವರಿಲ್ಲದೆ ಕಹಳೆ ಊದಿದ್ದಕ್ಕೆ ದಂಡ ಹಾಕುವ ಮಾತನ್ನು ಮಾತ್ರ ಕಿಫ್ಲೆ ಎತ್ತಿದ, ನಿಯಮ ನಿಯಮವೇ. ಹಣ ಬೇಡ, ಬದಲಿಗೆ ಪ್ರತಿ ತಿಂಗಳ ಸಭೆಗೆ ಮುಂಚೆ ಅಂಜುಲೊ ಸಂಘದ ಡೇರೆ ಇಡುವ ಕೊಠಡಿಯ ಮುಂದೆ ಕೂತು ಬೇಕಾದವರಿಗೆ ಬಾಟಲಿ ಕೊರೆದು ಕೊಡಬೇಕು, ಎಳೆದುಕೊಳ್ಳುವುದನ್ನು ಕಲಿಸಬೇಕು ಎಂದು ತೀರ್ಮಾನವಾಯಿತು. ಅಂಜುಲೊ ಆ ದಂಡವನ್ನು ಈಗಲೂ ಕಟ್ಟುತ್ತಿದ್ದಾನೆ. ಹೊಸಬರು ಬಂದರೆ ಮೊದಲು ತಾನೇ ಕೆನ್ನೆಯುಬ್ಬಿಸಿ ಊದಿ ತೋರಿಸುತ್ತಾನೆ. "ಇದು ಗೋಡೆಗೆ" ಎನ್ನುತ್ತಾನೆ. ಆಮೇಲೆ ಮೆಲ್ಲಗೆ ಎಳೆದು, "ಇದು ನಿಮಗೆ."

ಕಂದು ಔಷಧಿ ಹೇಳಿದಂತೆ ನಿಧಾನವಾಗಿಯೇ ಕೆಲಸ ಮಾಡಿತು. ಮಳೆ ಶುರುವಾಗುವ ಹೊತ್ತಿಗೆ ಬೆಕ್ಕಿನ ಮರಿ ಎದೆ ಬಿಟ್ಟು ಹೋಗಿತ್ತು. ಈಗ ಓಣಿಯಲ್ಲಿ ಎರಡು ಬಗೆಯ ಕಹಳೆ. ಉದ್ದಕ್ಕೆ, ಭಾರವಾಗಿ ಕೇಳಿದರೆ ಸಾವು. ಗಿಡ್ಡಗೆ, ಕುಣಿಯುವ ಹಾಗೆ ಕೇಳಿದರೆ ಸೋಸಿನಾಳಿಂದ ಫೋನು ಬಂದಿದೆ ಎಂದು. ಆಗ ಬಾಗಿಲುಗಳು ತೆರೆಯುತ್ತವೆ, ಜನ ಅಂಚು ಕೆಳಗಿರುವ ನೆಟೆಲ ಹೊದ್ದು, ಕೈಯಲ್ಲಿ ಚೀಟಿ ಹಿಡಿದು ಹೊರಗೆ ಬರುತ್ತಾರೆ. ಅತೊ ಕಿಫ್ಲೆ ಮಾತ್ರ ಇನ್ನೂ ನಂಬುವುದಿಲ್ಲ. ಯಾವ ಕಹಳೆ ಕೇಳಿದರೂ ಒಂದು ಕೆನ್ನೆಗೆ ನೊರೆ ಇರುವಾಗಲೇ ಓಡಿ ಬಂದು, ಮೊದಲು ತನ್ನ ಗೇಟಿನಲ್ಲಿ ಯಾರಾದರೂ ಕೂತಿದ್ದಾರೆಯೇ ಎಂದು ಬಗ್ಗಿ ನೋಡುತ್ತಾನೆ.